ಸಿಗಲಿಲ್ಲಮ್ಮ

ಬಂದೂಕು ಕೊಳ್ಳಲು ಬಂದವರ ಪೂರ್ವಾಪರ ವಿಚಾರಿಸುವ ಆ ಕಚೇರಿಯಲ್ಲಿ ಆಕೆಗೆ ಸಿಗಲಿಲ್ಲಮ್ಮ ಎಂಬ ಹೆಸರು ಬಿದ್ದು ಹತ್ತೊಂಬತ್ತು ವರ್ಷಗಳಾಗಿದ್ದವು. ಇಟ್ಟವನು ಎದುರು ಮೇಜಿನ ಟೈಪಿಸ್ಟ್. ಅರ್ಜಿದಾರನ ವಿರುದ್ಧ ದಾಖಲೆಗಳಲ್ಲಿ ಏನೂ ಕಾಣದಿದ್ದಾಗ ಉಳಿದ ಗುಮಾಸ್ತರು ಷರಾ ಅಂಕಣದಲ್ಲಿ ‘ಇಲ್ಲ’ ಎಂದು ಗೀಚಿ ಮುಂದಿನ ಕಡತಕ್ಕೆ ಕೈ ಹಾಕುತ್ತಿದ್ದರು. ಆಕೆ ಮಾತ್ರ ‘ಸಿಗಲಿಲ್ಲ’ ಎಂದು ಗುಂಡಗೆ ಬರೆಯುತ್ತಿದ್ದಳು.

“ಎರಡಕ್ಷರದಲ್ಲಿ ಮುಗಿಯೋದಕ್ಕೆ ನಾಲ್ಕಕ್ಷರ ಯಾಕಮ್ಮಾ? ಶಾಯಿ ನಿಮ್ಮ ತವರಿಂದ ಬರುತ್ತಾ?” ಎಂದು ಟೈಪಿಸ್ಟ್ ಕೆಣಕುತ್ತಿದ್ದ.

“ಇಲ್ಲ ಅನ್ನೋಕೆ ನಾನ್ಯಾರಪ್ಪಾ? ಹುಡುಕಿದೆ, ಸಿಗಲಿಲ್ಲ. ನನಗೆ ಗೊತ್ತಿರೋದು ಅಷ್ಟೇ.”

ಆಕೆಯ ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಬಂದೂಕಿನಂಗಡಿಯಲ್ಲಿ ಗಿರಾಕಿ ಗುರುತಿನ ಚೀಟಿ ತೋರಿಸಿ ನಮೂನೆ ತುಂಬುತ್ತಾನೆ: ಶಿಕ್ಷೆಯಾಗಿದೆಯೇ, ಮನೆಯವರ ಮೇಲೆ ಕೈಮಾಡಿದ ದೂರಿದೆಯೇ, ಬುದ್ಧಿಭ್ರಮಣೆಗೆ ಆಸ್ಪತ್ರೆ ಸೇರಿದ್ದುಂಟೇ. ಕೊನೆಯಲ್ಲಿ, ಮನೆಯಲ್ಲಿರುವ ವಯಸ್ಕರೊಬ್ಬರ ಒಪ್ಪಿಗೆಯ ಸಹಿ. ಅದರ ಪ್ರತಿ ಆಕೆಯ ಮೇಜಿಗೆ ಬರುತ್ತದೆ. ಕೋರ್ಟಿನ ಪಟ್ಟಿ, ಠಾಣೆಗಳ ಪಟ್ಟಿ, ಆಸ್ಪತ್ರೆಯ ಪಟ್ಟಿ, ಮೂರರಲ್ಲೂ ಆ ಹೆಸರನ್ನು ಹುಡುಕಬೇಕು. ಕಂಡರೆ ಅಂಗಡಿಗೆ ‘ತಡೆ’ ಎಂಬ ಉತ್ತರ ಹೋಗುತ್ತದೆ. ಮೂರನೆಯ ಕೆಲಸದ ದಿನ ಸಂಜೆ ಐದರೊಳಗೆ ಆ ಉತ್ತರ ತಲುಪದಿದ್ದರೆ ಅಂಗಡಿಯವನು ಮಾರಬಹುದು. ಮಾರಿದ ಮೇಲೆ ಬಂದೂಕಿನ ನಂಬರು, ತಾರೀಖು, ಕೊಂಡವನ ವಿಳಾಸ ಅಂಗಡಿಯ ಮಾರಾಟದ ಪುಸ್ತಕ ಸೇರುತ್ತವೆ. ಎಲ್ಲೋ ಯಾರಿಗೋ ಗುಂಡು ಬಿದ್ದ ದಿನ ಪೊಲೀಸರು ಆ ಪುಸ್ತಕ ತೆರೆಸುತ್ತಾರೆ. ಅಲ್ಲಿಯವರೆಗೆ ಅದರ ಬಾಯಿ ಮುಚ್ಚಿರುತ್ತದೆ.

ತಾಯಿ ತೀರಿಕೊಂಡಾಗ ಏಳು ವರ್ಷದವಳಾಗಿದ್ದ ತಂಗಿಯನ್ನು ಈ ಸಂಬಳದಲ್ಲೇ ಸಾಕಿ, ಓದಿಸಿ, ಮದುವೆ ಮಾಡಿದ್ದಳು. ತಾನು ಮದುವೆಯಾಗುವುದು ಆ ಗಡಿಬಿಡಿಯಲ್ಲಿ ಮರೆತೇಹೋಯಿತೆಂದು ತಾನೇ ನಗುತ್ತಿದ್ದಳು. ತಂಗಿಯ ಗಂಡ ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟ್ರು. ನೂರು ಸಲ ಕ್ಲಚ್ ತಪ್ಪಿಸಿದವರಿಗೂ ನೂರೊಂದನೆಯ ಸಲ ನಗುತ್ತ ಹೇಳಿಕೊಡುವವನೆಂದು ಹೆಸರಾದವನು.

ಆ ಗುರುವಾರ ಮಧ್ಯಾಹ್ನ ಆಕೆ ಎಂದಿನಂತೆ ಮಂಗಳವಾರ ಬಂದ ನಮೂನೆಗಳ ಕಟ್ಟು ಬಿಚ್ಚಿದಳು. ಅವುಗಳ ಗಡುವು ಅಂದೇ ಸಂಜೆ. ನಾಲ್ಕನೆಯದರ ಹೆಸರನ್ನು ಅಭ್ಯಾಸಬಲದಿಂದ ಓದಿದಳು. ಮನಸ್ಸು ಅದನ್ನು ಹಿಡಿಯಲಿಲ್ಲ. ಕೋರ್ಟಿನ ಪಟ್ಟಿಯಲ್ಲಿ ಹುಡುಕಿಯೂ ಆಯಿತು. ವಿಳಾಸಕ್ಕೆ ಬಂದಾಗ ಬೆರಳು ನಿಂತಿತು. ಆ ಮನೆಯ ಬಾಗಿಲಿಗೆ ನಂಬರಿನ ಹಲಗೆ ಹೊಡೆಸಿಕೊಟ್ಟವಳು ತಾನೇ. ಕೊಳ್ಳುವ ವಸ್ತು: ಪಿಸ್ತೂಲು ಒಂದು. ಉದ್ದೇಶ: ಮನೆಯ ರಕ್ಷಣೆ. ಒಪ್ಪಿಗೆಯ ಸಹಿ ತಂಗಿಯದು. ಅಕ್ಷರಗಳು ಮಾತ್ರ ಒಂದನೇ ತರಗತಿಯ ಮಗು ಬರೆದಂತೆ ಎಡಕ್ಕೆ ವಾಲಿ ಬಿದ್ದಿದ್ದವು.

ತಂಗಿಯ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ ಮೂರು ವಾರವಾಗಿತ್ತು. ಬಚ್ಚಲಲ್ಲಿ ಜಾರಿದೆ ಎಂದಿದ್ದಳು. ಅಕ್ಕ ನಂಬಿದ್ದಳು, ಅಥವಾ ಮುಂದೆ ಕೇಳಿರಲಿಲ್ಲ.

‘ಮನೆಯವರ ಮೇಲೆ ಕೈಮಾಡಿದ ದೂರಿದೆಯೇ?’ ಎಂಬ ಪ್ರಶ್ನೆಯೆದುರು ಆತ ಅಚ್ಚುಕಟ್ಟಾಗಿ ‘ಇಲ್ಲ’ ಎಂದು ಬರೆದಿದ್ದ. ಆತ ಸುಳ್ಳು ಬರೆದಿರಲಿಲ್ಲ.

ನಮೂನೆ ಹಿಡಿದು ಸೂಪರಿಂಟೆಂಡೆಂಟರ ಕೋಣೆಗೆ ಹೋದಳು. “ಸರ್, ಇದು ನನ್ನ ತಂಗಿ ಗಂಡನದು.”

“ಹಾಗಿದ್ರೆ ನೀವು ಮುಟ್ಟಬಾರದು, ಇಲ್ಲಿ ಕೊಡಿ.” ಅವರು ತಾವೇ ಉಳಿದ ಎರಡು ಪಟ್ಟಿಗಳನ್ನು ನೋಡಿದರು. “ಏನೂ ಕಾಣ್ತಾ ಇಲ್ವಲ್ಲಮ್ಮಾ. ಯಾಕೆ ಹೀಗೆ ಬೆವರ್ತಿದೀರಿ?”

“ಅವನು ಹೊಡೀತಾನೆ ಸರ್. ಎರಡು ವರ್ಷದ ಹಿಂದೆ ಕತ್ತು ಹಿಸುಕಿದ್ದ.”

“ಮತ್ತೆ ಠಾಣೆ ಪಟ್ಟಿಲಿ ಯಾಕಿಲ್ಲ?”

“ನಾನೇ ಬರೆಸೋಕೆ ಬಿಡ್ಲಿಲ್ಲ.”

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಆಕೆಯನ್ನು ನೋಡಿದರು. ಬೈಯುತ್ತಾರೆಂದುಕೊಂಡಳು, ಅವರು ದನಿ ತಗ್ಗಿಸಿದರು. “ನೋಡಿಮ್ಮಾ, ನನಗೆ ಕಾಗದ ಬೇಕು. ನಿಮ್ಮ ಮಾತನ್ನ ನಾನು ನಂಬ್ತೀನಿ, ಆದ್ರೆ ಅದನ್ನ ಅಂಗಡಿಗೆ ಕಳಿಸೋಕಾಗಲ್ಲ. ಠಾಣೆಯಿಂದ ದೂರಿನ ನಂಬರ್ ಬಂದ ಕ್ಷಣ ತಡೆ ಹಾಕ್ತೀನಿ. ಸಂಜೆ ಐದರವರೆಗೆ ಅಷ್ಟೇ. ಆಟೋ ಹಿಡೀರಿ.”

ಆಟೋದಲ್ಲಿ ಕುಳಿತಾಗ ಎರಡು ವರ್ಷದ ಹಿಂದಿನ ಆ ಮಧ್ಯಾಹ್ನ ಒಂದಕ್ಷರವೂ ಬಿಡದೆ ನೆನಪಾಯಿತು. ಕತ್ತಿಗೆ ದುಪಟ್ಟಾ ಸುತ್ತಿಕೊಂಡ ತಂಗಿ ಠಾಣೆಯ ಮೂರನೆಯ ಮೆಟ್ಟಿಲಲ್ಲಿದ್ದಳು. ಅವಳ ತೋಳು ಹಿಡಿದು ಇಳಿಸಿದವಳು ತಾನು. “ಒಂದು ಸಲ ಪಟ್ಟಿಗೆ ಬಿತ್ತು ಅಂದ್ರೆ ಯಾವ ಕಾಲಕ್ಕೂ ಅಳಿಸೋಕಾಗಲ್ಲ ಕಣೇ. ನನಗೆ ಗೊತ್ತಲ್ವಾ? ಮೇಷ್ಟ್ರ ಲೈಸೆನ್ಸ್ ಹೋಗುತ್ತೆ, ಕೆಲಸ ಹೋಗುತ್ತೆ. ನಾನು ಅವನ ಹತ್ರ ಮಾತಾಡ್ತೀನಿ,” ಎಂದಿದ್ದಳು. ಬೇರೆ ಯಾವ ಅಕ್ಕನಾದರೂ ಮೇಲೆ ಹತ್ತಿಸುತ್ತಿದ್ದಳೇನೋ. ದಾಖಲೆ ಎಷ್ಟು ಕಾಲ ಉಳಿಯುತ್ತದೆಂದು ಬಲ್ಲವಳಾದ್ದರಿಂದಲೇ ಆಕೆಗೆ ಅದರ ಭಯ ಹೆಚ್ಚು. ಆತನನ್ನು ಕೂರಿಸಿ ಮಾತಾಡಿದ್ದೂ ಆಯಿತು. ಆತ ಕಾಲು ಮುಟ್ಟಿ, “ಅಕ್ಕಾ, ಇನ್ನು ಹೀಗಾಗಲ್ಲ,” ಎಂದಿದ್ದ. ಅಂದಿನಿಂದ ತಂಗಿ ಆಕೆಗೆ ಏನನ್ನೂ ಹೇಳಿರಲಿಲ್ಲ. ಹೇಳದ್ದನ್ನು ಆಕೆ, ಏನೂ ಇಲ್ಲವೆಂದು ಓದಿಕೊಂಡಿದ್ದಳು. ಹತ್ತೊಂಬತ್ತು ವರ್ಷ ಯಾವ ಕಡತದಲ್ಲೂ ಬರೆಯದ ಎರಡಕ್ಷರವನ್ನು ಸ್ವಂತ ತಂಗಿಯ ಮುಂದೆ ಬರೆದುಬಿಟ್ಟಿದ್ದಳು.

ಬಾಗಿಲು ತೆರೆದ ತಂಗಿ ಕಣ್ಣರಳಿಸಿದಳು. “ಇದೇನಕ್ಕಾ ಈ ಹೊತ್ತಲ್ಲಿ? ನಿಮ್ಮ ಆಫೀಸಿಗೇನು ಬೆಂಕಿ ಬಿತ್ತಾ?”

“ಮೊನ್ನೆ ಯಾವ ಕಾಗದಕ್ಕೆ ಸಹಿ ಹಾಕಿದೆ?”

“ಗ್ಯಾಸ್ ಕನೆಕ್ಷನ್ದು. ಅವರ ಹೆಸರಿಗೆ ಮಾಡ್ಬೇಕಂತೆ. ಎಡಗೈಲಿ ಹಾಕಿದ್ರೆ ನಡೆಯಲ್ವೇನೋ ಅಂದೆ, ನಡಿಯುತ್ತೆ ಅಂದ್ರು. ಯಾಕೆ, ಗ್ಯಾಸ್‌ನೋರು ನಿಮ್ಮ ಆಫೀಸಿಗೂ ಕಳಿಸ್ತಾರಾ?”

“ಅದು ಪಿಸ್ತೂಲಿಂದು ಕಣೇ.”

ತಂಗಿ ನಕ್ಕಳು. ಆ ನಗು ಹೋಗಲು ದಾರಿ ಕಾಣದೆ ಮುಖದ ಮೇಲೇ ಉಳಿಯಿತು. ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು ಕುರ್ಚಿಯ ಅಂಚಿನಲ್ಲಿ ಕುಳಿತಳು. “ಅದಕ್ಕೇನಾ ಬೀರು ಮೇಲಿನ ಖಾನೆ ಖಾಲಿ ಮಾಡ್ಸಿದ್ದು? ನನ್ನ ಕೈಲೇ ಒರೆಸಿಟ್ಟೆ ಅಕ್ಕಾ.”

“ಈ ಕೈ?”

“ಅವರೇ.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ನಲ್ಲಾ,” ಎಂದಳು ತಂಗಿ, ದನಿಯಲ್ಲಿ ಸಿಟ್ಟೂ ಇಲ್ಲದೆ. “ಒಂದು ಸಲ ಹೇಳಿದ್ದೆ.”

ಅಕ್ಕ ಅವಳ ಚಪ್ಪಲಿಗಳನ್ನು ಜೋಡಿಸಿ ಮುಂದಿಟ್ಟಳು. “ಏಳು. ಈ ಸಲ ಎಷ್ಟು ಮೆಟ್ಟಿಲಿದೆಯೋ ಅಷ್ಟೂ ಹತ್ತೋಣ. ಆಮೇಲೆ ನನ್ನ ಮನೆ.”

“ಅವರ ಕೆಲಸ ಹೋಗುತ್ತಲ್ಲಕ್ಕಾ?”

“ಹೋಗ್ಲಿ.”

ಠಾಣೆಯ ಬರಹಗಾರ ಕಾನ್‌ಸ್ಟೆಬಲ್ ನಿಧಾನಸ್ಥ. ಪ್ರತಿ ಸಾಲಿಗೂ ಪೆನ್ನನ್ನು ಜಾಡಿಸುತ್ತಿದ್ದ. ಗೋಡೆ ಗಡಿಯಾರದಲ್ಲಿ ಮೂರೂಮುಕ್ಕಾಲು. ಪ್ಲಾಸ್ಟರ್ ಹಾಕಿದ ವೈದ್ಯರ ಹೆಸರು, ಕೈ ತಿರುಚಿದ ದಿನ, ಎಲ್ಲವೂ ಆದ ಮೇಲೆ ಕೇಳಿದ: “ಮುಂಚೆ ಯಾವತ್ತಾದ್ರೂ ದೂರು ಕೊಟ್ಟಿದ್ರಾ?”

ತಂಗಿ ಅಕ್ಕನ ಮುಖ ನೋಡಿದಳು.

“ಕೊಡೋಕೆ ಬಂದಿದ್ಲು. ನಾನು ವಾಪಸ್ ಕರ್ಕೊಂಡು ಹೋದೆ,” ಎಂದಳು ಸಿಗಲಿಲ್ಲಮ್ಮ. “ಅದನ್ನೂ ಬರ್ಕೊಳ್ಳಿ.”

“ಅದೆಲ್ಲ ಯಾಕಮ್ಮಾ? ಸುಮ್ನೆ ನಿಮ್ಮ ಹೆಸರು ಪಟ್ಟಿಗೆ ಬೀಳುತ್ತೆ. ಆಮೇಲೆ ಅಳಿಸೋಕೆ ಬರಲ್ಲ.”

“ನನಗೆ ಗೊತ್ತು. ಬರ್ಕೊಳ್ಳಿ.”

ನಾಲ್ಕೂ ನಲವತ್ತಕ್ಕೆ ದೂರಿನ ನಂಬರು ಕಚೇರಿ ತಲುಪಿತು. ನಾಲ್ಕೂ ನಲವತ್ತೆಂಟಕ್ಕೆ ಸೂಪರಿಂಟೆಂಡೆಂಟರು ತಡೆ ಹಾಕಿದ್ದಾಗಿ ತಿಳಿಸಿದರು. ಠಾಣೆಯ ಬೆಂಚಿನ ಮೇಲೆ ತಂಗಿ ಅಕ್ಕನ ಹೆಗಲಿಗೆ ತಲೆಯಾನಿಸಿದಳು. ಆಗ ಆಕೆಯ ಮೊಬೈಲ್ ರಿಂಗಾಯಿತು. ಹತ್ತೊಂಬತ್ತು ವರ್ಷಗಳಿಂದ ದನಿಯಿಂದಲೇ ಬಲ್ಲ ಬಂದೂಕಿನಂಗಡಿಯ ಯಜಮಾನ. ಅರ್ಜಿದಾರನಿಗೂ ಆಕೆಗೂ ಇರುವ ನಂಟು ಆತನಿಗೆ ತಿಳಿಯದು.

“ಅಮ್ಮಾ, ನಿಮ್ಮಿಂದ ತಡೆ ಬಂದಿದೆಯಲ್ಲಾ, ಕೈತಪ್ಪಿ ಬಂತಾ ಅಂತ ಕೇಳೋಣ ಅಂದ್ಕೊಂಡೆ. ಗಿರಾಕಿ ಬಹಳ ಸಾಧು. ಬೆಳಿಗ್ಗೆಯಿಂದ ಮೂರು ಸಲ ಬಂದು ಹೋದ್ರು, ಈಗಲೂ ಎದುರಿಗೇ ನಿಂತಿದಾರೆ. ಐದಕ್ಕೆ ಹನ್ನೆರಡು ನಿಮಿಷ ಅಂತ ನಗ್ತಾ ಇದ್ರು ಪಾಪ. ಏನಮ್ಮಾ, ನೀವು ಯಾವತ್ತೂ ಸಿಗಲಿಲ್ಲ ಅನ್ನೋರಲ್ವಾ?”

“ಸಿಕ್ತು,” ಎಂದಳು ಆಕೆ.

ಯಜಮಾನನ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು. ಕಾಲು ಮುಟ್ಟಿ ಅಕ್ಕಾ ಎಂದಿದ್ದ ದನಿ, ನೂರೊಂದನೆಯ ಸಲ ಕ್ಲಚ್ ಹೇಳಿಕೊಡುವಾಗಿನ ಅದೇ ಸಮಾಧಾನದಲ್ಲಿ ಕೇಳುತ್ತಿತ್ತು:

“ಏನಂತೆ?”