ಎಂಜಿನ್ನಿನ ಸದ್ದು ಸೋಸುವ ಡಬ್ಬಿ

ಕಿವಿಗೆ ಸಿಕ್ಕಿಸಿಕೊಳ್ಳುವ ಮಶೀನುಗಳನ್ನು ರಿಪೇರಿ ಮಾಡುತ್ತಿದ್ದವನನ್ನು ಬೀದಿಯವರೆಲ್ಲ ಕಿವಿ ಡಾಕ್ಟರು ಎಂದೇ ಕರೆಯುತ್ತಿದ್ದರು. ಅವನೇನೂ ಡಾಕ್ಟರಿಕೆ ಓದಿದವನಲ್ಲ. ಬೆಸುಗೆ ಹಾಕುವ ಕೈ ಚೊಕ್ಕವಾಗಿತ್ತು, ತಾಳ್ಮೆ ಬೇಕಾದಷ್ಟಿತ್ತು, ಅಷ್ಟೇ. ಮನೆಯ ಕೆಳಗಿನ ಒಂದೇ ಕೋಣೆ ಅವನ ಅಂಗಡಿ. ಗಿರಾಕಿಗಳು ಕೂಗಿ ಮಾತಾಡುವರು, ಅವನು ಕಾಗದದ ಮೇಲೆ ಬರೆದು ತೋರಿಸುವನು. ದಿನವಿಡೀ ಗಂಟಲು ಹರಿದುಕೊಂಡರೆ ಸಂಜೆ ಹೆಂಡತಿಯ ಜೊತೆ ಜಗಳವಾಡಲು ದನಿಯೇ ಉಳಿಯುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದ. ಈಗ ಜಗಳವಾಡಲು ಹೆಂಡತಿ ಮನೆಯಲ್ಲಿರಲಿಲ್ಲ.

ಅವಳನ್ನು ಅವನು ಮೊದಲು ಕಂಡದ್ದೇ ಅಂಗಡಿಯಲ್ಲಿ. ಹದಿನೇಳು ವರ್ಷದ ಹಿಂದೆ ತಾಯಿಯನ್ನು ಕರೆದುಕೊಂಡು ಅವರ ಮಶೀನಿನ ರಿಪೇರಿಗೆ ಬಂದವಳು ಬೆನ್ನ ಮೇಲಿನ ಆಳೆತ್ತರದ ಚೀಲದೊಂದಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿದ್ದಳು. ಒಳಗಿದ್ದುದು ಡಬಲ್ ಬಾಸ್, ಪಿಟೀಲಿನ ಮುತ್ತಜ್ಜನಂಥ ವಾದ್ಯ. ತಾಯಿಯ ಮಶೀನು ಸರಿಯಾಗಿದೆಯೇ ನೋಡೋಣವೆಂದು ಅಲ್ಲೇ ಚೀಲ ಬಿಚ್ಚಿ ದಪ್ಪ ತಂತಿಯನ್ನೊಮ್ಮೆ ಮೀಟಿದಳು. ಕಪಾಟಿನ ಗಾಜು ನಡುಗಿತು. ಯಾರೋ ಬಾಗಿಲು ಬಡಿಯುತ್ತಿದ್ದಾರೆ ಎಂದರು ತಾಯಿ. ಕಿವಿ ಡಾಕ್ಟರು ನಕ್ಕ ನಗೆಗೆ ಮಗಳೂ ನಕ್ಕಳು. ಆರು ತಿಂಗಳಲ್ಲಿ ಮದುವೆಯಾಯಿತು, ತಾಯಿಯೂ ಮಗಳ ಜೊತೆಗೇ ಬಂದರು.

ಅವಳು ನುಡಿಸುತ್ತಿದ್ದ ಸಭಾಂಗಣ ಹೋದ ವರ್ಷ ಮುಚ್ಚಿತು. ಮೂರು ತಿಂಗಳು ಮನೆಯಲ್ಲಿ ಕೂತು ಅವಳ ಮುಖ ಬಾಡಿತು. ಆಮೇಲೆ ಪ್ರವಾಸಿಗರ ಹಡಗೊಂದರ ವಾದ್ಯತಂಡದಿಂದ ಕರೆ ಬಂತು. ಎಂಟು ತಿಂಗಳು ನೀರಿನ ಮೇಲೆ. ಒಂದೇ ಸಲ ಹೋಗಿಬರುತ್ತೇನೆ ಎಂದಳು ಅವಳು. ಹೋಗಿ ಬಾ ಎಂದ ಇವನು.

ಹಡಗು ದಡ ಸೇರಿದಾಗಲೆಲ್ಲ ಫೋನು ಬರುತ್ತಿತ್ತು. ಎರಡನೆಯ ತಿಂಗಳಿನಿಂದ ಅವಳ ಮಾತಿನಲ್ಲಿ ಒಂದೇ ಗೋಳು. ಡಬಲ್ ಬಾಸಿನ ಕೆಳತುದಿಯಲ್ಲಿ ನೆಲಕ್ಕೂರುವ ಉಕ್ಕಿನ ಕಡ್ಡಿಯಿದೆ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಕೆಳಗೆ ಸದ್ದನ್ನು ವಿದ್ಯುತ್ತಾಗಿಸುವ ಪಿಕಪ್ ಇದೆ. ಹಡಗಿನ ಎಂಜಿನ್ನಿನ ಅದುರಾಟ ಕಡ್ಡಿ ಹತ್ತಿ ಬಂದು ಪಿಕಪ್ಪಿಗೆ ಸೇರುತ್ತಿತ್ತು. ಅವಳು ಕೈಕಟ್ಟಿ ನಿಂತರೂ ಸ್ಪೀಕರು ಗುಂಯ್‌ಗುಡುತ್ತಿತ್ತು. ತಂಡದ ಯಜಮಾನ ಅವಳ ಸದ್ದನ್ನು ತಗ್ಗಿಸುತ್ತ ತಗ್ಗಿಸುತ್ತ ಕಡೆಗೆ ಅವಳು ನುಡಿಸುವುದು ಯಾರಿಗೂ ಕೇಳದಂತಾಯಿತು.

ಇದಕ್ಕೆ ಮದ್ದು ಇವನಿಗೆ ಗೊತ್ತಿತ್ತು. ಕಿವಿ ಮಶೀನಿನಲ್ಲೂ ಬಸ್ಸಿನ ಗುಡುಗುಡು ತಗ್ಗಿಸಿ ಮಾತನ್ನಷ್ಟೇ ಒಳಬಿಡುವ ಏರ್ಪಾಡಿರುತ್ತದೆ. ಹೈ-ಪಾಸ್ ಫಿಲ್ಟರ್ ಎನ್ನುತ್ತಾರೆ: ಒಂದು ಗೆರೆಯ ಮೇಲಿನ ಸದ್ದನ್ನೆಲ್ಲ ಬಿಡುತ್ತದೆ, ಕೆಳಗಿನದನ್ನು ತಡೆಯುತ್ತದೆ. ಅದನ್ನೇ ಪಿಕಪ್ಪಿನ ಸಣ್ಣ ಸದ್ದನ್ನು ಹಿಗ್ಗಿಸುವ ಪ್ರೀಆಂಪಿನೊಂದಿಗೆ ಸೇರಿಸಿ, ಒಂದು ತಗಡಿನ ಡಬ್ಬಿಯಲ್ಲಿ ಕೂರಿಸಿ, ಒಂಬತ್ತು ವೋಲ್ಟಿನ ಬ್ಯಾಟರಿ ಹಾಕಿ ಹಡಗಿನ ಮುಂದಿನ ನಿಲುಗಡೆಗೆ ಪಾರ್ಸೆಲ್ ಮಾಡಿದ. ಕಳಿಸುವ ಮುಂಚೆ ಅವಳ ಹಳೆಯ ಧ್ವನಿಮುದ್ರಣವೊಂದನ್ನು ಅದರಲ್ಲಿ ಹಾಯಿಸಿ ಅಂಗಡಿಯ ಪುಟ್ಟ ಸ್ಪೀಕರಿನಲ್ಲಿ ಕೇಳಿದ್ದ. ಚೆನ್ನಾಗಿದೆ ಅನ್ನಿಸಿತ್ತು. ಅಂಗೈಯಗಲದ ಸ್ಪೀಕರಿಗೆ ದಪ್ಪ ತಂತಿಯ ಸದ್ದು ಹೊರಡಿಸುವ ತಾಕತ್ತೇ ಇಲ್ಲ ಎಂಬುದು, ಇಷ್ಟು ವರ್ಷ ಇದೇ ಕಸುಬು ಮಾಡಿದವನಿಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಡಬ್ಬಿ ತಲುಪಿದ ಮರುದಿನವೇ ಫೋನು ಬಂತು.

"ಎಂಜಿನ್ ಹೋಯ್ತು ರೀ. ಅದರ ಜೊತೆ ನಾನೂ ಹೋದೆ. ರಟ್ಟಿನ ಪೆಟ್ಟಿಗೆ ತಟ್ಟಿದ ಹಾಗೆ ಕೇಳ್ಸುತ್ತೆ."

ನಗುತ್ತಲೇ ಹೇಳಿದಳು. ಆಮೇಲೆ ದನಿ ತಗ್ಗಿತು. ಯಜಮಾನ ತಿಂಗಳೊಪ್ಪತ್ತು ನೋಡುತ್ತಾನಂತೆ. ಅಷ್ಟರಲ್ಲಿ ಸರಿಹೋಗದಿದ್ದರೆ ಕೆಳಸ್ವರಗಳನ್ನು ಕೀಬೋರ್ಡಿನವನ ಎಡಗೈಗೆ ವಹಿಸಿ ಅವಳನ್ನು ಮನೆಗೆ ಕಳಿಸುತ್ತಾನಂತೆ. ಕಿವಿ ಡಾಕ್ಟರು ಹೂಂಗುಟ್ಟಿದ. ಮನೆಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ಎದೆಯಲ್ಲೇನೋ ಸಡಿಲಾದದ್ದನ್ನು ಅವಳಿಗೆ ಹೇಳಲಿಲ್ಲ.

ಮೊದಲ ಡಬ್ಬಿಯಲ್ಲಿ ಗೆರೆ ತೀರ ಮೇಲಿತ್ತು. ಹೊಸ ಡಬ್ಬಿಗೆ ಒಂದು ಸಾಮಾನು ಬೇಕಿತ್ತು. ತಡೆಯುವ ಗೆರೆಯನ್ನು ಅವಳೇ ಮೇಲೆ ಕೆಳಗೆ ಸರಿಸುವಂತಿರಬೇಕು. ಸೋಸುವ ಹಂತಗಳು ಎರಡು, ಎರಡೂ ಒಟ್ಟಿಗೆ ಬದಲಾಗಬೇಕು. ಅದಕ್ಕೆ ಒಂದೇ ಕಡ್ಡಿಗೆ ಪೋಣಿಸಿದ ಜೋಡಿ ನಾಬು ತರಿಸಲು ಬರೆದ. ಆರನೆಯ ದಿನ ಅದು ಬಂತು. ಅವನು ಅದನ್ನು ಮೇಜಿನ ಡ್ರಾಯರಿನಲ್ಲಿಟ್ಟ. ಅವಳು ಫೋನಿನಲ್ಲಿ ಕೇಳಿದಾಗ ಇನ್ನೂ ಬಂದಿಲ್ಲ ಎಂದ. ಮುಂದಿನ ವಾರ ಕೇಳಿದಾಗಲೂ ಅದೇ ಮಾತು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಫೋನಿಟ್ಟ ಮೇಲೆ ಕೈ ತೊಳೆದುಕೊಂಡ. ಅದೇ ವಾರ ಅವಳ ಬಟ್ಟೆಯ ಕಪಾಟು ಒರೆಸಿದ, ಅವಳ ಕಡೆಯ ದಿಂಬಿಗೆ ಹೊಸ ಗವಸು ಹಾಕಿದ.

ನಾಬಿನ ಪಾರ್ಸೆಲ್ಲಿಗೆ ರುಜು ಹಾಕಿದವರು ಅತ್ತೆ ಎಂಬುದನ್ನು ಅವನು ಮರೆತಿದ್ದ.

ಒಂದು ಭಾನುವಾರ ತಟ್ಟೆ ಮುಂದಿಟ್ಟು ಅತ್ತೆ ಎದುರಿಗೆ ಕೂತರು. ಸಾಮಾನ್ಯವಾಗಿ ಊಟದ ಹೊತ್ತಿಗೆ ಮಶೀನು ತೆಗೆದಿಡುವವರು ಅಂದು ಹಾಕಿಕೊಂಡೇ ಇದ್ದರು.

"ಅಳಿಯಂದ್ರೇ, ಆ ಡಬ್ಬಿ ಆಗದೇ ಹೋದ್ರೆ ಅವಳು ಬಂದ್ಬಿಡ್ತಾಳೆ, ಅಲ್ವಾ?"

ಅವನು ಅನ್ನ ಕಲಸತೊಡಗಿದ.

"ನಂಗೂ ಅವಳು ಬೇಕಪ್ಪ. ದಿನಾ ಬೆಳಗಾದ್ರೆ ಅವಳು ನುಡಿಸ್ತಿದ್ದ ಕೋಣೆಗೆ ಹೋಗಿ ಬರ್ತೀನಿ. ಆದ್ರೆ ಕೈಲಾಗಲಿಲ್ಲ ಅಂತ ವಾಪಸ್ ಬರೋ ಮಗಳು ಬೇಡ. ಆ ಮೂರು ತಿಂಗಳು ಅವಳ ಮುಖ ನೀವೂ ನೋಡಿದ್ರಿ."

ಅಷ್ಟು ಹೇಳಿ ಮಶೀನು ತೆಗೆದು ಬಟ್ಟಲ ಪಕ್ಕದಲ್ಲಿಟ್ಟು ಊಟಕ್ಕೆ ತೊಡಗಿದರು. ಇನ್ನು ಅವನು ಏನು ಹೇಳಿದರೂ ಅವರಿಗೆ ಕೇಳುವಂತಿರಲಿಲ್ಲ.

ಅದೇ ಮಧ್ಯಾಹ್ನ ಅವನು ಹೆಂಡತಿಗೆ ಬರೆದ: ಎಂಜಿನ್ ಓಡುತ್ತಿರುವಾಗ ಪಿಕಪ್ಪಿನಿಂದ ನೇರವಾಗಿ ಮುದ್ರಿಸು, ಒಂದೊಂದೇ ತಂತಿ ಮೀಟು, ಕಳಿಸು. ಎರಡು ದಿನದಲ್ಲಿ ಬಂತು, ಇಪ್ಪತ್ತು ನಿಮಿಷದ್ದು. ಈ ಸಲ ಪುಟ್ಟ ಸ್ಪೀಕರನ್ನು ನಂಬದೆ, ಕಿವಿ ಪರೀಕ್ಷೆಗೆಂದು ಇಟ್ಟಿದ್ದ ಒಳ್ಳೆಯ ಹೆಡ್‌ಫೋನು ತೊಟ್ಟು ಕೂತ.

ಮೊದಲು ಬಂದದ್ದು ಹಡಗು. ಸದ್ದು ಎನ್ನುವುದಕ್ಕಿಂತ ಒತ್ತಡ, ಎದೆಯ ಮೇಲೆ ಯಾರೋ ಅಂಗೈ ಊರಿದ ಹಾಗೆ. ಐದು ತಿಂಗಳಿಂದ ಅವಳು ಮಲಗಿ ಏಳುತ್ತಿರುವುದು ಇದರ ಮೇಲೆಯೇ ಎಂದುಕೊಂಡ. ಆಮೇಲೆ ಅವಳು ದಪ್ಪ ತಂತಿ ಮೀಟಿದಳು. ಮೀಟಿದ ಮೇಲೆ ಬೆರಳು ತಂತಿಯ ಮೇಲೆ ಸವರಿದ ಸಪ್ಪಳ, ಒಂದು ಸಣ್ಣ ಕೆಮ್ಮು, ಮುಂದಿನ ತಂತಿಗೆ ಹೋಗುವ ಮುಂಚೆ ಅವಳಿಗೇ ತಿಳಿಯದಂತೆ ಗುನುಗಿದ್ದು, ಎಲ್ಲ ಮರದ ಮೂಲಕ ಪಿಕಪ್ಪಿಗೆ ಇಳಿದು ಬಂದಿತ್ತು. ಫೋನಿನಲ್ಲಿ ಅವಳು ಇಷ್ಟು ಹತ್ತಿರ ಒಂದು ದಿನವೂ ಬಂದಿರಲಿಲ್ಲ.

ಬೆಸುಗೆ ಕಡ್ಡಿ ಕಾಯಿಸಿದ. ಸದ್ದು ಸೋಸುವ ಬಿಡಿಭಾಗಗಳಾದ ಕೆಪಾಸಿಟರುಗಳನ್ನು ಒಂದೊಂದಾಗಿ ಅಳೆದು, ಅಳತೆ ಸಮವಿದ್ದ ಜೋಡಿಗಳನ್ನೇ ಆರಿಸಿದ. ನಾಲ್ಕು ಬೆಳಗು ಹಿಡಿಯಿತು. ಮುಗಿದ ಮೇಲೆ ಅವಳ ಮುದ್ರಣವನ್ನು ಡಬ್ಬಿಯಲ್ಲಿ ಹಾಯಿಸಿ ನಾಬನ್ನು ಮೆಲ್ಲಗೆ ತಿರುಗಿಸಿದ. ಎಂಜಿನ್ ತೆಳುವಾಯಿತು, ದೂರವಾಯಿತು, ಇಲ್ಲವಾಯಿತು. ಇನ್ನೂ ತಿರುಗಿಸಿದರೆ ಅವಳ ಸ್ವರದ ಹೊಟ್ಟೆ ಬತ್ತುತ್ತಿತ್ತು. ದಪ್ಪ ತಂತಿ ಸೆಕೆಂಡಿಗೆ ನಲವತ್ತೊಂದು ಸಲ ಅದುರುತ್ತದೆ. ಮೂವತ್ತೈದರ ಹತ್ತಿರ ಗೆರೆ ನಿಲ್ಲಿಸಿದಾಗ ಹಡಗು ಪೂರ್ತಿ ಹೋಗಿ, ಅವಳು ಪೂರ್ತಿ ಉಳಿದಳು. ಅಲ್ಲಿಗೊಂದು ಬಿಳಿ ಚುಕ್ಕೆ ಇಟ್ಟ. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೂ ಆ ಇಪ್ಪತ್ತು ನಿಮಿಷವನ್ನು ಮತ್ತೆ ಮೊದಲಿನಿಂದ ಹಾಕಿ ಕೇಳಿದ. ಆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವುದು ತಡವಾಯಿತು.

ಡಬ್ಬಿ ಹೋಗಿ ತಲುಪಿತು. ಹತ್ತು ದಿನದ ಮೇಲೆ ಫೋನು. ಮೊದಲ ಸಲ ಸಭಿಕರ ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದು ಬಂದು ನಿಮ್ಮ ವಾದ್ಯಕ್ಕೇ ಕಿವಿಗೊಟ್ಟಿದ್ದೆ ಎಂದನಂತೆ. ಅವಳ ಮಾತು ಒಂದರ ಮೇಲೊಂದು ಬೀಳುತ್ತಿತ್ತು.

"ಇನ್ನೂ ಎಂಟು ತಿಂಗಳು ನುಡಿಸ್ತೀನಿ ಅಂತ ಬರ್ಕೊಡು ಅಂತಿದ್ದಾನೆ ಯಜಮಾನ. ಮಧ್ಯೆ ಹನ್ನೆರಡು ದಿನ ರಜ."

"ಹಾಗೇ ಆಗುತ್ತೆ ಅಂದ್ಕೊಂಡಿದ್ದೆ."

"ಗೊತ್ತಿದ್ದೂ ಮಾಡಿಕೊಟ್ರಾ?"

"ನಾಬು ಬಂದು ಹದಿನೈದು ದಿನ ಡ್ರಾಯರಿನಲ್ಲಿಟ್ಟಿದ್ದೆ. ನಿನಗೆ ಸುಳ್ಳು ಹೇಳ್ದೆ."

ನಾನೂ ಮೊದಲ ಡಬ್ಬಿ ಕೆಟ್ಟದಾಗಿ ಕೇಳಿಸಿದ ದಿನ, ಮನೆಗೆ ಬರಬಹುದೆಂದು ಅರ್ಧ ಖುಷಿಪಟ್ಟಿದ್ದೆ ಎಂದಳು ಅವಳು. ಬರೆದುಕೊಡು ಎಂದ ಅವನು.

ರಜೆಗೆ ಬಂದಳು. ಮೂರನೆಯ ದಿನ ಬೆಳಿಗ್ಗೆ ಮಹಡಿಯ ಕೋಣೆಯಲ್ಲಿ, ವೈರು ಡಬ್ಬಿ ಯಾವುದೂ ಇಲ್ಲದೆ ನುಡಿಸಿದಳು. ಅತ್ತೆ ಮಶೀನು ಕಳಚಿ, ವಾದ್ಯದ ಬೆನ್ನಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತರು. ಅವನು ಬಾಗಿಲಿಗೊರಗಿ ನೋಡುತ್ತಿದ್ದ. ಅವಳು ಈಗ ಕಾಲು ಅಗಲಿಸಿ, ಮಂಡಿ ತುಸು ಬಾಗಿಸಿ ನಿಲ್ಲುತ್ತಿದ್ದಳು, ತೂಗುವ ನೆಲದ ಮೇಲೆ ನಿಂತವರ ಹಾಗೆ. ಮನೆಯ ನೆಲ ಅಲುಗುತ್ತಿರಲಿಲ್ಲ. ಅವಳ ಕಾಲಿಗೆ ಅದಿನ್ನೂ ತಿಳಿದಿರಲಿಲ್ಲ. ಕೆಳಗೆ ಗಿರಾಕಿ ಯಾರೋ ಗಂಟೆ ಒತ್ತಿದರು, ಮತ್ತೊಮ್ಮೆ ಒತ್ತಿದರು. ಇಳಿದು ಹೋಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.