ಗೋಂದಕ್ಕ ಬಿಟ್ಟುಕೊಟ್ಟ ಹತ್ತನೆಯ ಮನೆ

ಫೋನು, ಇಂಟರ್‌ನೆಟ್ಟು, ಟಿ.ವಿ. ಮೂರನ್ನೂ ಒಂದೇ ತಂತಿಯಲ್ಲಿ ಮನೆಗೆ ತಂದುಕೊಡುವ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಬಿಟ್ಟು ಹೋಗುತ್ತೇವೆ ಎಂದವರನ್ನು ಬಿಡದೆ ಹಿಡಿದುಕೊಳ್ಳುವುದೇ ಆ ಕೆಲಸ. "ನಿಮ್ಮ ಸಹವಾಸ ಸಾಕು, ಬೇರೆ ಕಂಪನಿಗೆ ಹೋಗ್ತೀವಿ" ಎಂದು ಯಾರಾದರೂ ಫೋನು ಮಾಡಿದರೆ, ಆ ಕರೆ ಮೂರನೆಯ ಮಹಡಿಯ ನಲವತ್ತು ಮೇಜುಗಳಲ್ಲಿ ಯಾವುದೋ ಒಂದಕ್ಕೆ ಬಂದು ಬೀಳುತ್ತಿತ್ತು. ಕಿಟಕಿ ಪಕ್ಕದ ಇವಳ ಮೇಜಿಗೆ ಬಿತ್ತೋ, ಅವರ ಕಥೆ ಮುಗಿಯಿತು. ಬೈಯಬೇಕೆಂದು ಸೊಂಟ ಕಟ್ಟಿ ನಿಂತವರು ಹತ್ತು ನಿಮಿಷದಲ್ಲಿ ತಣ್ಣಗಾಗಿ, ಇನ್ನೊಂದು ವರ್ಷಕ್ಕೆ ಒಪ್ಪಿಕೊಂಡು, ಕೊನೆಗೆ ಇವಳಿಗೆ ಊಟವಾಯಿತೇ ಎಂದು ಕೇಳಿ ಫೋನಿಡುತ್ತಿದ್ದರು. ಆಫೀಸಿನವರು ಅವಳನ್ನು ಗೋಂದಕ್ಕ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಅವಳ ಕಸುಬಿಗೆ ಒಂದು ಗುಟ್ಟಿತ್ತು. ಗಿರಾಕಿ ಹೇಳುವ ಮೊದಲ ಎರಡು ಕಾರಣಗಳನ್ನು ಅವಳು ತಾಳ್ಮೆಯಿಂದ ಕೇಳಿ ಬರೆದುಕೊಳ್ಳುತ್ತಿದ್ದಳು, ನಂಬುತ್ತಿರಲಿಲ್ಲ. ಮೊದಲನೆಯದು ಬಾಯಿಗೆ ಬಂದದ್ದು, ಎರಡನೆಯದು ಪಕ್ಕದ ಮನೆಯವರು ಹೇಳಿಕೊಟ್ಟದ್ದು, ಮೂರನೆಯದೇ ನಿಜವಾದದ್ದು ಎಂಬುದು ಅವಳ ಲೆಕ್ಕ. ಒಬ್ಬ ನಿವೃತ್ತ ಮೇಷ್ಟ್ರು ದರ ಜಾಸ್ತಿ ಎಂದರು, ಆಮೇಲೆ ವೇಗ ಕಡಿಮೆ ಎಂದರು. ಗೋಂದಕ್ಕ ಸುಮ್ಮನೆ ಕಾದಳು. ಕೊನೆಗೆ ಮೇಷ್ಟ್ರ ಬಾಯಿಂದ ಹೊರಬಿತ್ತು: ರಿಪೇರಿಗೆ ಬಂದವನು, ಮೂವತ್ತು ವರ್ಷ ಪಾಠ ಹೇಳಿದ ತಮಗೆ, "ಇದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ" ಅಂದುಬಿಟ್ಟಿದ್ದ! ಗೋಂದಕ್ಕ ಆ ರಿಪೇರಿಯವನನ್ನೇ ಮತ್ತೆ ಕಳಿಸಿ, ಅವರ ಎದುರು ಕೂರಿಸಿ, ಕ್ಷಮೆ ಕೇಳಿಸಿದಳು. ಮೇಷ್ಟ್ರು ಇವತ್ತಿಗೂ ಅದೇ ಕಂಪನಿಯಲ್ಲಿದ್ದಾರೆ.

ಎಲ್ಲ ಸರಿ, ಗಂಟಲೊಂದು ಕೈಕೊಟ್ಟಿತ್ತು. ಹನ್ನೊಂದು ವರ್ಷ ದಿನಕ್ಕೆ ಎಂಟು ಗಂಟೆ ಮಾತಾಡಿದರೆ ಯಾರ ಗಂಟಲು ತಾನೇ ಉಳಿದೀತು? ಮಾತು ಕಡಿಮೆ ಮಾಡದಿದ್ದರೆ ದನಿ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆಫೀಸಿನಲ್ಲಿ ಕಡಿಮೆ ಮಾಡಲಾಗದು, ಹಾಗಾಗಿ ಮನೆಯಲ್ಲಿ ಮಾಡಿದಳು. ಒಂದು ಬೆರಳೆತ್ತಿದರೆ ಚಹಾ, ಎರಡೆತ್ತಿದರೆ ಊಟ, ಕೈ ಬೀಸಿದರೆ ಆಮೇಲೆ ನೋಡೋಣ. ಡಾಕ್ಟರ ವಿಷಯವನ್ನು ಮನೆಯಲ್ಲಿ ಬಾಯಿಬಿಡಲಿಲ್ಲ. ಹೇಳಿದರೆ ಗಂಡ ಮಾರನೆಯ ದಿನವೇ ಕೆಲಸ ಬಿಡು ಎನ್ನುವ ಪೈಕಿ. ಹೆಂಡತಿಗೆ ಆಫೀಸಿನಲ್ಲಿ ಸುಸ್ತಾಗುತ್ತದೆ ಎಂದುಕೊಂಡು ಆ ಪುಣ್ಯಾತ್ಮ ಹಾಯಾಗಿದ್ದ. ಕಷ್ಟವಾದದ್ದು ಅತ್ತೆಗೆ. ಅತ್ತೆಯೆಂದರೆ ತರಕಾರಿಯವನ ಜೊತೆ ನಿಂತಲ್ಲೇ ಮುಕ್ಕಾಲು ಗಂಟೆ ಮಾತಾಡುವ ಜೀವ. ಸೊಸೆ ಸಂಜೆ ಬಂದವಳು ಬೆರಳೆತ್ತಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಆಕೆ ಆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದಳು.

ಇಂಥದ್ದರಲ್ಲಿ ಆಫೀಸಿನಲ್ಲಿ ತರಬೇತಿ ಕೊಡುವ ಹುದ್ದೆಯೊಂದು ಖಾಲಿಯಾಯಿತು. ಹೊಸಬರಿಗೆ ದಿನಕ್ಕೆ ಎರಡು ಗಂಟೆ ಪಾಠ, ಅಷ್ಟೇ ಮಾತು. ಗೋಂದಕ್ಕನಿಗೆ ಬಾಯಲ್ಲಿ ನೀರೂರಿತು. ಟೀಮ್ ಲೀಡರ್ ಒಂದೇ ಷರತ್ತು ಹಾಕಿದ್ದ: ಈ ತಿಂಗಳಲ್ಲಿ ಅವಳ ಕೈಯಿಂದ ಹತ್ತು ಮನೆ ತಪ್ಪಿಹೋಗಕೂಡದು, ಒಂಬತ್ತಾದರೆ ಪರವಾಗಿಲ್ಲ. ತಿಂಗಳ ಕೊನೆಯ ದಿನ, ಮಧ್ಯಾಹ್ನ ನಾಲ್ಕು ಗಂಟೆಗೆ, ಸರಿಯಾಗಿ ಒಂಬತ್ತು ಹೋಗಿದ್ದವು. ಅದರಲ್ಲಿ ಒಬ್ಬರು ತೀರಿಕೊಂಡಿದ್ದರು. ಅವರನ್ನು ತಡೆಯುವ ವಿದ್ಯೆ ಗೋಂದಕ್ಕನಿಗೂ ಗೊತ್ತಿರಲಿಲ್ಲ. ಇನ್ನೊಂದು ಗಂಟೆ ಕಳೆದರೆ ಗೆದ್ದಂತೆ ಎಂದುಕೊಂಡು ಬಿಸಿನೀರು ಗುಟುಕರಿಸುತ್ತ ಕೂತಿದ್ದಳು. ಕರೆ ಬಂತು. ಪರದೆಯ ಮೇಲೆ ಗಿರಾಕಿಯ ಹೆಸರು, ವಿಳಾಸ ಮೂಡಿದವು.

ತನ್ನದೇ ಮನೆಯ ವಿಳಾಸ. ಅತ್ತೆಯ ಹೆಸರು.

ಹನ್ನೊಂದು ವರ್ಷದ ಅಭ್ಯಾಸ ನೋಡಿ, ನಾಲಿಗೆ ತನ್ನ ಪಾಡಿಗೆ ನಮಸ್ಕಾರ ಹೇಳಿ, ಏನು ಸಹಾಯ ಬೇಕು ಎಂದು ಕೇಳಿಯೂ ಆಗಿತ್ತು. ಅತ್ತೆಗೆ ಗುರುತು ಸಿಗಲಿಲ್ಲ. ಹೇಗೆ ಸಿಗಬೇಕು? ಮನೆಯಲ್ಲಿ ಆಕೆ ಕೇಳಿದ್ದು ಕರಕರ ಎನ್ನುವ ಎರಡು ಮಾತು. ಇಲ್ಲಿಯದು ಬಿಸಿನೀರು ಗುಟುಕರಿಸಿ ಕಾಪಾಡಿಕೊಂಡ, ಜೇನು ಸವರಿದ ದನಿ. ಅತ್ತೆ ಶುರುಮಾಡಿದಳು. ಟಿ.ವಿ. ನಿಂತು ನಿಂತು ಬರುತ್ತದಂತೆ. ಧಾರಾವಾಹಿಯಲ್ಲಿ ಆ ಕೆಟ್ಟ ಹೆಂಗಸು ಕಪಾಳಕ್ಕೆ ಹೊಡೆಯಲು ಕೈಯೆತ್ತಿದಳು ಅಂದರೆ ಅಲ್ಲಿಗೇ ನಿಂತಿತು, ಏಟು ಬಿತ್ತೋ ತಪ್ಪಿತೋ ಗೊತ್ತಾಗುವಷ್ಟರಲ್ಲಿ ಜಾಹೀರಾತು. ಸೊಸೆಗೆ ಹೇಳೋಣವೆಂದರೆ ಅವಳು ಕೈ ಬೀಸುತ್ತಾಳೆ. ಗೋಂದಕ್ಕ ತುಟಿ ಕಚ್ಚಿಕೊಂಡು ಬರೆದುಕೊಂಡಳು. ಫೋನಿನಲ್ಲಿ ಗೊರಗೊರ ಸದ್ದಂತೆ, ಪಕ್ಕದ ಮನೆಯವರ ಬೇರೆ ಕಂಪನಿಯ ಫೋನು ಅಷ್ಟು ಚೊಕ್ಕವಂತೆ. ಅದನ್ನೂ ಬರೆದುಕೊಂಡಳು. ನಾನೇ ಎಂದು ಹೇಳಿಬಿಡಬೇಕು ಅನ್ನಿಸಿತು, ಆದರೆ ಮೂರನೆಯ ಕಾರಣ ಕೇಳದೆ ಗಿರಾಕಿಯನ್ನು ತಡೆದು ಅವಳಿಗೆ ರೂಢಿಯಿರಲಿಲ್ಲ. ಸುಮ್ಮನೆ ಕಾದಳು.

ಅತ್ತೆ ದನಿ ತಗ್ಗಿಸಿದಳು.

"ನೋಡಮ್ಮ, ನನ್ನ ಸೊಸೆ ನಿಮ್ಮ ಆಫೀಸಲ್ಲೇ ಇರೋದು. ಮನೇಲಿ ಬಾಯೇ ಬಿಡಲ್ಲ. ಬಿಟ್ಟು ಹೋಗ್ತೀವಿ ಅಂದವರ ಜೊತೆ ಮಾತ್ರ ಅರ್ಧರ್ಧ ಗಂಟೆ ಮಾತಾಡ್ತಾಳಂತೆ. ಅದಕ್ಕೇ ನಾನೂ ಬಿಟ್ಟು ಹೋಗ್ತೀನಿ ಅನ್ನೋಣ, ಫೋನು ಅವಳಿಗೇ ಹೋದ್ರೂ ಹೋಗಬಹುದು ಅಂತ ಮಾಡಿದೆ. ನೀನು ಸಿಕ್ಕಿದೆ. ಇರಲಿ ಬಿಡು, ನೀನೂ ಒಳ್ಳೆ ಹುಡುಗೀನೇ."

ಗೋಂದಕ್ಕನಿಗೆ ನಾಚಿಕೆಯಾಯಿತು. ಊರವರ ಮೂರನೆಯ ಕಾರಣವನ್ನೆಲ್ಲ ಬಗೆದು ತೆಗೆದವಳು ಮನೆಯವಳನ್ನು ಒಂದು ದಿನ ಕೂತು ಕೇಳಿರಲಿಲ್ಲ.

"ಅತ್ತೆ, ನಾನೇ."

ಆ ಕಡೆ ಏನೋ ಪಾತ್ರೆ ಕೆಳಗೆ ಬಿದ್ದ ಸದ್ದಾಯಿತು. "ಅಯ್ಯೋ ನಿನ್ನ, ಈ ದನಿ ಎಲ್ಲಿ ಬಚ್ಚಿಟ್ಟಿದ್ದೆಯೇ ಇಷ್ಟು ದಿನ?"

ಆಮೇಲೆ ನಡೆದದ್ದು ಮೂವತ್ತೈದು ನಿಮಿಷದ ಮಾತು. ಗಂಟಲಿನ ವಿಷಯ, ಡಾಕ್ಟರ ವಿಷಯ ಎಲ್ಲ ಹೊರಬಂತು. ಇಷ್ಟು ಮುಚ್ಚಿಡುವಂಥದ್ದೇನಿತ್ತು ಎಂದು ಅತ್ತೆ ಚೆನ್ನಾಗಿ ಬೈದಳು, ಬೈದು ಮುಗಿಸಿ ಮೂಗೊರೆಸಿಕೊಂಡಳು. ಮಗನ ಕಿವಿಗೆ ಹಾಕುವುದಿಲ್ಲ ಎಂದು ತಾನಾಗಿಯೇ ಮಾತು ಕೊಟ್ಟಳು. "ನೀನು ಮಾತಾಡಬೇಡ ಕಣೇ, ಬಂದು ಪಕ್ಕದಲ್ಲಿ ಕೂತ್ಕೋ ಸಾಕು. ಮಾತು ನನ್ನ ಹತ್ರ ಬೇಕಾದಷ್ಟಿದೆ" ಎಂದಳು. ಗೋಂದಕ್ಕ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು. ಪಕ್ಕದ ಮೇಜಿನವಳು ಇಣುಕಿ ನೋಡಿದಳು. ಇಷ್ಟಾದ ಮೇಲೆ ಇನ್ನೇನು, ಫೋನಿಡುತ್ತಾಳೆ, ಹತ್ತನೆಯ ಮನೆ ಉಳಿಯಿತು ಎಂದು ಗೋಂದಕ್ಕ ಅಂದುಕೊಳ್ಳುವಷ್ಟರಲ್ಲಿ ಅತ್ತೆ ಮತ್ತೆ ಬಾಯಿ ತೆಗೆದಳು.

"ಮಾತೇನೋ ಆಯ್ತು. ಆದ್ರೂ ಟಿ.ವಿ. ನಿಂತು ನಿಂತು ಬರೋದು ಸುಳ್ಳಲ್ಲ ಕಣೇ. ನಿನ್ನ ಕೆಲಸಕ್ಕೆ ತೊಂದ್ರೆ ಆಗುತ್ತೆ ಅಂದ್ರೆ ಹೇಳು, ಹೇಗೋ ಇಟ್ಕೊಳ್ತೀನಿ. ಇಲ್ಲಾಂದ್ರೆ ತೆಗೆದುಬಿಡು."

ಒಂದು ಮಾತು ಸಾಕಿತ್ತು. ಆ ಹುದ್ದೆಯ ಸುದ್ದಿ ಎತ್ತಿದ್ದರೆ ಅತ್ತೆ ಆ ನಿಂತ ಚಿತ್ರವನ್ನೇ ಹತ್ತು ವರ್ಷ ನೋಡಿಕೊಂಡಿರುತ್ತಿದ್ದಳು, ಗೊಣಗದೆ. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ತನ್ನ ದನಿ ಕೇಳಲು ಸುಳ್ಳು ಹೇಳಿ ಫೋನು ಮಾಡಿದವಳನ್ನು ಗಿರಾಕಿಯ ಹಾಗೆ ಅಂಟಿಸಿಕೊಳ್ಳಲು ಗೋಂದಕ್ಕನಿಗೆ ಮನಸ್ಸು ಬರಲಿಲ್ಲ.

"ಏನೂ ತೊಂದ್ರೆ ಆಗಲ್ಲ ಅತ್ತೆ" ಎಂದು, ತನ್ನ ಕೈಯಾರೆ ಗುಂಡಿ ಒತ್ತಿ ಮನೆಯ ಸಂಪರ್ಕ ತೆಗೆದುಹಾಕಿದಳು. ಹತ್ತು ಆಯಿತು. ಹುದ್ದೆ ಪಕ್ಕದ ಮೇಜಿನವಳ ಪಾಲಾಯಿತು. ಗೋಂದಕ್ಕನಿಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಸ್ಸು ಹತ್ತುವವರೆಗೂ ಉರಿಯಿತು.

ಮನೆಗೆ ಹೋದಾಗ ಅತ್ತೆ ಅಡುಗೆಮನೆಯಲ್ಲಿ ಎರಡು ಸ್ಟೂಲು ಹಾಕಿ ಕಾಯುತ್ತಿದ್ದಳು. ಸೊಸೆ ಕೋಣೆಗೆ ಹೋಗದೆ ಬಂದು ಕೂತಳು. ಅತ್ತೆ ತವರಿನಿಂದ ಶುರುಮಾಡಿ, ಮದುವೆ ದಾಟಿ, ಮಗ ಹುಟ್ಟಿದ್ದಕ್ಕೆ ಬರುವಷ್ಟರಲ್ಲಿ ಆ ಮಗನೇ ಬಂದ. ಟಿ.ವಿ. ಕಪ್ಪಗಿದೆ, ಇಂಟರ್‌ನೆಟ್ಟಿಲ್ಲ, ಫೋನೆತ್ತಿದರೆ ಸದ್ದಿಲ್ಲ, ಈ ಮನೆಗೆ ಏನಾಗಿದೆ ಎಂದು ಕೂಗಾಡಿದ. ಗೋಂದಕ್ಕ ಗಂಟಲಿಗೆ ಬಟ್ಟೆ ಸುತ್ತಿಕೊಂಡು, ತುಟಿ ಬಿಚ್ಚದೆ, ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು.

"ಸ್ವಲ್ಪ ಸುಮ್ನಿರೋ" ಎಂದಳು ತಾಯಿ. "ನಾವಿಬ್ಬರೂ ಮಾತಾಡ್ತಾ ಇದೀವಿ."