ಗೋಡೆಯ ಮೇಲೆ ಸುಣ್ಣದ ಗೆರೆ

ಓವರ್‌ಸಿಯರರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ವರ್ಷಗಟ್ಟಲೆ ನೆಲದ ಮಟ್ಟ ಅಳೆಯುವ ಕೊಳವೆಯಲ್ಲಿ ಒಂದೇ ಕಣ್ಣಿನಿಂದ ಇಣುಕಿ, ಟೀ ಕುಡಿಯುವಾಗಲೂ ಅದು ಹಾಗೇ ಉಳಿದುಬಿಟ್ಟಿತ್ತು.

ಮುಳಬಾಗಿಲಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಆಗ ನಮ್ಮೂರಿಗೆ ಬೋರ್‌ವೆಲ್ ಬಂದಿರಲಿಲ್ಲ. ಕೆರೆ ಕೋಡಿ ಎತ್ತರಿಸಿ ಹೆಚ್ಚು ನೀರು ನಿಲ್ಲಿಸಬೇಕೆಂದು ಹುಕುಂ ಆಗಿತ್ತು. ಎಷ್ಟು ನೀರು ಹಿಡಿಯುತ್ತದೆ, ಎಲ್ಲಿಯವರೆಗೆ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕುವುದು ಅವರ ಕೆಲಸ. ಅಂಕಿ ಬರೆದ ಉದ್ದನೆಯ ಪಟ್ಟಿ ಹಿಡಿದು ಒಣಗಿದ ಕೆರೆಯಂಗಳದಲ್ಲಿ ನಿಲ್ಲುವ ಕೂಲಿ ನನ್ನದು.

“ನೀರೇ ಇಲ್ಲ, ಆಳ ಎಂಗ್ ಅಳೀತೀರಾ ಸಾಮಿ?” ಎಂದೆ.

“ನೆಲದ ಏರುತಗ್ಗು ಸಿಕ್ಕಿದ್ರೆ ನೀರೂ ಸಿಕ್ತದೆ ಕಣಮ್ಮ. ಪಟ್ಟಿ ನೆಟ್ಟಗೆ ಹಿಡ್ಕೊ. ಅದು ವಾಲಿದ್ರೆ ನನ್ನ ಕೆರೆನೂ ವಾಲ್ತದೆ.”

ನೀರು ಬರುವ ಕಡೆಯೆಲ್ಲ ಕಲ್ಲುಗಳಿಗೆ ಸುಣ್ಣ ಬಳಿಯುತ್ತಾ ಹೋದರು. ನಮ್ಮ ಮನೆ ದಿಬ್ಬದ ಮೇಲಿದೆ ಎಂದೇ ನಾವು ತಿಳಿದಿದ್ದೆವು. ಅಲ್ಲಿ ಪಟ್ಟಿ ಹಿಡಿದಾಗ ಅವರು ಒಮ್ಮೆ ನೋಡಿದರು. ಕೊಳವೆಯನ್ನು ಬೇರೆ ಕಡೆ ಇಟ್ಟು ಮತ್ತೆ ನೋಡಿದರು. ಆಮೇಲೆ ನಮ್ಮ ಗೋಡೆಗೆ, ಹೊಸಿಲಿಗಿಂತ ಮೊಳ ಮೇಲೆ, ಗೆರೆ ಎಳೆದರು.

“ಕೆರೆ ತುಂಬಿದ್ರೆ ಇಲ್ಲಿಗೆ ಬರ್ತದೆ. ನನ್ನ ಲೆಕ್ಕ ತಪ್ಪಿರ್ಲಿ ಅಂತ ನಾನೇ ಬೇಡ್ಕೊಂತೀನಿ.”

ಮನೆ ಮುಳುಗುತ್ತದೆಂದು ಮೇಲಿನವರಿಗೆ ಬರೆದರು. ಕೋಡಿ ಎದ್ದಿತು, ಉತ್ತರ ಬರಲಿಲ್ಲ.

“ಒಕ್ಕಣ್ಣಲ್ಲಿ ನೋಡ್ದೋನ್ಗೆ ನಮ್ಮನೆ ತಗ್ಗಾಗಿ ಕಾಣ್ತಂತೆ” ಎಂದು ಅತ್ತೆ ಆಡಿಕೊಂಡು ಗೆರೆಗೆ ಸಗಣಿ ಬಳಿದರು. ಓವರ್‌ಸಿಯರ್ ಬಂದಾಗಲೆಲ್ಲ ಮತ್ತೆ ಎಳೆಯುತ್ತಿದ್ದರು.

ಆ ಮಳೆಗಾಲ ನನ್ನ ಮಗಳು ನಮ್ಮಲ್ಲೇ ಹೆತ್ತಿದ್ದಳು. ಹಸಿ ಬಾಣಂತಿ. ಕೆರೆ ಏರುತ್ತಿತ್ತು. ನೀರು ನೋಡುತ್ತಿದ್ದೆ, ಗೆರೆ ನೋಡುತ್ತಿದ್ದೆ. ಬಾಣಂತಿ ಹೊಸಿಲು ದಾಟಬಾರದೆಂದು ಅತ್ತೆಯ ಹಟ. ನೀರು ಹಿತ್ತಿಲಿಗೆ ಬಂದ ದಿನ ಓವರ್‌ಸಿಯರ್ ಮಳೆಯಲ್ಲೇ ಬಂದು ಚಪ್ಪಲಿ ಬಿಡದೆ ಒಳಗೆ ನುಗ್ಗಿದರು.

“ನೀರು ಮೈಲಿಗೆ ಕೇಳಲ್ಲ. ಎಬ್ಬಿಸಮ್ಮ ಮಗಳನ್ನ.”

ಕೂಸನ್ನು ತಮ್ಮ ರೈನ್‌ಕೋಟಿನಲ್ಲಿ ಸುತ್ತಿ ಎತ್ತಿಕೊಂಡು ನಡೆದರು. ಅತ್ತೆ ಬೈಯುತ್ತಲೇ ಹಿಂದೆ ಬಂದರು. ಗುಡಿಯ ಜಗಲಿಯಲ್ಲಿ ಕೂತು ನೋಡಿದೆವು. ಸಂಜೆಗೆ ನೀರು ಗೆರೆ ಮುಟ್ಟಿ ಅಲ್ಲೇ ನಿಂತಿತು. ನೆನೆದ ಮಣ್ಣಿನ ಗೋಡೆ ಕುಸಿಯಿತು. ಲೆಕ್ಕ ಸರಿಹೋಯಿತೆಂದು ಅವರು ಹಿಗ್ಗಲಿಲ್ಲ. ತಲೆ ತಗ್ಗಿಸಿ ಕೂತಿದ್ದರು.

ಹೊಸ ಮನೆಗೆ ಪಾಯ ತೋಡುವ ಮೊದಲು, ರಜೆಯ ದಿನ ಬಂದು ನನ್ನ ಕೈಗೆ ಪಟ್ಟಿ ಕೊಟ್ಟರು. ನೋಡಿ ಹೇಳಿದರು: “ಇಲ್ಲಿ ಕಟ್ಕೊಳ್ಳಿ. ಕೆರೆ ಕಾಣ್ತದೆ, ಹತ್ರ ಬರಲ್ಲ.”

ಆಮೇಲೆ ಅವರಿಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಅಲ್ಲೇ ತೀರಿಕೊಂಡರಂತೆ. ನಮಗೆ ತಿಳಿದದ್ದು ತಡವಾಗಿ.

ಕೆರೆ ತುಂಬಿದಾಗ ನಾನು ಈಗಲೂ ರಾತ್ರಿ ಎದ್ದು ಈ ಮನೆಯ ಗೋಡೆ ನೋಡುತ್ತೇನೆ. ಗೆರೆ ಇಲ್ಲ. ಹೋಗಿ ಮಲಗುತ್ತೇನೆ.